ಯಾರ ಅಂಗಳ, ಯಾರ ಕೂಸು: ಆರು ವರ್ಷದ ಗೆರೆಯ ಚರಿತ್ರೆ

1

ದಲಿತ ವಿಮರ್ಶೆ ಅಂದಕೂಡಲೇ ನಮ್ಮ ಕೈ ಕವಿತೆ, ಕತೆ, ಆತ್ಮಕತೆಗಳ ಕಡೆಗೆ ಹೋಗುತ್ತದೆ. ಹೋಗಬೇಕಾದ್ದೇ. ಆದರೆ ನಮ್ಮ ಜನರ ಬದುಕನ್ನು ಕವಿಗಳಿಗಿಂತ ಹೆಚ್ಚಾಗಿ ಬರೆದಿರುವವರು ಗುಮಾಸ್ತರು. ಕಾನೂನಿನ ಒಂದು ಸಾಲಿನಲ್ಲಿ ಒಂದು ಅಂಕಿ ಆ ಕಡೆ ಈ ಕಡೆ ಆದರೆ ಸಾಕು, ಕೇರಿಯ ಒಂದು ತಲೆಮಾರು ಒಳಗೆ ಬರುತ್ತದೆ ಇಲ್ಲವೇ ಹೊರಗೇ ಉಳಿಯುತ್ತದೆ. ಹಾಗಾಗಿ ಈ ಸಂಚಿಕೆಗೆ ನಾನು ಓದಲು ಆರಿಸಿಕೊಂಡಿರುವುದು ಒಂದು ಅಂಕಿಯನ್ನು. ಆ ಅಂಕಿ 6.

ಈ ದೇಶದಲ್ಲಿ ಮಗುವಿಗೆ ಆರು ವರ್ಷ ತುಂಬಿದ ದಿನ ಶಿಕ್ಷಣ ಅದರ ಮೂಲಭೂತ ಹಕ್ಕಾಗುತ್ತದೆ. ಅದರ ಹಿಂದಿನ ದಿನ ಅಲ್ಲ. ಐದು ವರ್ಷ ಹನ್ನೊಂದು ತಿಂಗಳಿನ ಕೂಸು ಪ್ರಭುತ್ವದ ಮುಂದೆ ನಿಂತು 'ಇದು ನನ್ನದು' ಅನ್ನುವ ಹಾಗಿಲ್ಲ. ಕೊಟ್ಟರೆ ಇಸ್ಕೊಬೇಕು, ಕೊಡದಿದ್ದರೆ ಸುಮ್ಮನಿರಬೇಕು. ಉಳ್ಳವರ ಮನೆಯಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಅಲ್ಲಿ ಮೂರಕ್ಕೇ ನರ್ಸರಿ, ನಾಲ್ಕಕ್ಕೆ ಎಲ್‌ಕೆಜಿ, ಐದಕ್ಕೆ ಯುಕೆಜಿ. ಒಂದನೇ ಕ್ಲಾಸಿನ ಬೆಂಚಿಗೆ ಬರುವ ಹೊತ್ತಿಗೆ ಆ ಮಗುವಿಗೆ ಮೂರು ವರ್ಷದ ಇಸ್ಕೂಲು ಆಗಿರುತ್ತದೆ. ಪಕ್ಕದಲ್ಲಿ ಕೂರುವ ಕೂಲಿಯವರ ಮಗುವಿಗೆ ಅಂದೇ ಮೊದಲ ದಿನ. ಆಮೇಲೆ ಮೇಷ್ಟ್ರು 'ಈ ಜನದ ಮಕ್ಕಳಿಗೆ ತಲೆಗೆ ಹತ್ತಲ್ಲ' ಅನ್ನುತ್ತಾರೆ.

ಶಿಶುವಿಹಾರ ಎಲ್ಲ ಮಕ್ಕಳಿಗೂ ಸರ್ಕಾರಿ ಶಿಕ್ಷಣದ ಕಡ್ಡಾಯ ಭಾಗವಾಗಬೇಕು ಎಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಶಿಕ್ಷಣತಜ್ಞರು ಅದನ್ನು ಮಿದುಳಿನ ಬೆಳವಣಿಗೆಯ ಲೆಕ್ಕದಲ್ಲಿ ಆಡುತ್ತಾರೆ. ಆ ಲೆಕ್ಕ ನಿಜವೇ. ಆದರೆ ಅದಕ್ಕೂ ಮುಂಚೆ ಬಗೆಹರಿಯಬೇಕಾದ ಜಾತಿಯ ಲೆಕ್ಕ ಒಂದಿದೆ. ಆರರ ಗೆರೆಯನ್ನು ಯಾರು ಎಳೆದರು, ಎಳೆದಾಗ ಯಾರ ಮಕ್ಕಳು ಆಚೆ ಬಿದ್ದರು ಎಂಬ ಚರಿತ್ರೆ ತಿಳಿಯದೆ ಈ ಬೇಡಿಕೆಗೆ ಬಲ ಬರುವುದಿಲ್ಲ.

2

ಸಂವಿಧಾನದಿಂದಲೇ ಶುರು ಮಾಡೋಣ. 1950ರಲ್ಲಿ ಜಾರಿಗೆ ಬಂದ ಮೂಲ 45ನೇ ವಿಧಿ ಹೇಳಿದ್ದು ಇಷ್ಟು: ಹತ್ತು ವರ್ಷಗಳೊಳಗೆ, ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ಪ್ರಭುತ್ವ ಪ್ರಯತ್ನಿಸಬೇಕು. ಇದನ್ನು ನಿಧಾನವಾಗಿ ಓದಿ. ಮೇಲಿನ ಗೆರೆ ಇದೆ, ಹದಿನಾಲ್ಕು. ಕೆಳಗಿನ ಗೆರೆ ಇಲ್ಲವೇ ಇಲ್ಲ. ಮೂರರ ಕೂಸೂ ಆ ಸಾಲಿನ ಒಳಗೇ ಇತ್ತು.

ಈ ವಿಧಿ ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂದದ್ದು 1948ರ ನವೆಂಬರ್ 23ರಂದು. 'ಶಿಕ್ಷಣ' ಎಂಬ ಪದವನ್ನು 'ಪ್ರಾಥಮಿಕ ಶಿಕ್ಷಣ' ಎಂದು ಕಿರಿದು ಮಾಡಬೇಕೆಂದು ನಜೀರುದ್ದೀನ್ ಅಹ್ಮದ್ ತಿದ್ದುಪಡಿ ತಂದರು. ಬಾಬಾಸಾಹೇಬರು ಒಪ್ಪಲಿಲ್ಲ. ಅವರ ವಾದ ಸರಳವಾಗಿತ್ತು. ಹದಿನಾಲ್ಕರ ಕೆಳಗಿನ ಮಗುವನ್ನು ದುಡಿಮೆಗೆ ಹಚ್ಚಬಾರದು ಎಂದು ಇದೇ ಸಂವಿಧಾನ ಇನ್ನೊಂದು ಕಡೆ ಹೇಳುತ್ತದೆ. ದುಡಿಮೆಗೆ ಹೋಗದ ಮಗು ಯಾವುದಾದರೊಂದು ಶಿಕ್ಷಣ ಸಂಸ್ಥೆಯಲ್ಲಿ ಇರಲೇಬೇಕು. ಅಂದರೆ ಅವರು ಶಾಲೆಯನ್ನು ನೋಡಿದ್ದು ಜೀತದ ಎದುರಿಗಿಟ್ಟು. ಅಕ್ಷರ ಕಲಿಯುವುದು ಅದರ ಒಂದು ಭಾಗ ಮಾತ್ರ, ಮಗುವನ್ನು ಗೌಡರ ಕೊಟ್ಟಿಗೆಯಿಂದ ದೂರ ಇಡುವುದು ಇನ್ನೊಂದು ಭಾಗ.

ಇದು ಅವರಿಗೆ ಹೊಸದಾಗಿ ಹೊಳೆದ ವಿಚಾರವೂ ಅಲ್ಲ. 1927ರ ಮಾರ್ಚ್‌ನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಶಿಕ್ಷಣದ ಅನುದಾನದ ಮೇಲೆ ಮಾತಾಡುತ್ತಾ ಅವರು ಒಂದು ಲೆಕ್ಕ ಕೊಟ್ಟಿದ್ದರು: ಪ್ರಾಥಮಿಕ ಶಾಲೆಗೆ ಸೇರುವ 100 ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟುವವರು 18, ಉಳಿದ 82 ಮಕ್ಕಳು ಮತ್ತೆ ಅನಕ್ಷರತೆಗೆ ಜಾರುತ್ತಾರೆ. ಆ 82 ಮಕ್ಕಳಲ್ಲಿ ಕೇರಿಯವರೆಷ್ಟು ಎಂದು ನಾವು ಊಹಿಸಿಕೊಳ್ಳಬಹುದು. ಶಾಲೆಯ ಬಾಗಿಲು ತೆರೆದರಷ್ಟೇ ಸಾಲದು, ಒಳಗೆ ಹೋದವರು ಉಳಿಯಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಉಳಿಯಬೇಕಾದರೆ ಮಗು ಬೆದರಿಕೊಂಡು ಬರಬಾರದು. ಬೆದರದೆ ಬರಬೇಕಾದರೆ ಆರಕ್ಕೆ ಮುಂಚೆಯೇ ಆ ಅಂಗಳ ಅದಕ್ಕೆ ಗೊತ್ತಿರಬೇಕು.

ಆದರೆ ಆ ವಿಧಿ ನಿರ್ದೇಶಕ ತತ್ವವಾಗಿ ಉಳಿಯಿತು. ಹತ್ತು ವರ್ಷದ ಗಡುವು 1960ಕ್ಕೆ ಮುಗಿಯಿತು. ಗಡುವು ಮುಗಿಯಿತು ಅಂತ ಯಾರೂ ಕೋರ್ಟಿಗೆ ಹೋಗುವ ಹಾಗಿರಲಿಲ್ಲ.

3

ಹಾಗಾದರೆ ಆರು ಎಲ್ಲಿಂದ ಬಂತು? ಇದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು.

1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ಹೇಳಿಕೆ ಕೊಟ್ಟರು. ಬೊಕ್ಕಸ ತುಂಬುವುದು ರೈತರ ಬೆವರಿನಿಂದ, ಖರ್ಚಾಗುವುದು ಮೇಲಿನವರ ಮಕ್ಕಳ ಕಾಲೇಜಿಗೆ ಎಂಬುದು ಅವರ ತಕರಾರಿನ ತಿರುಳು. ಕಡೇ ಪಕ್ಷ ಹನ್ನೆರಡು ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದು ಅವರು ಕೇಳಿದರು. ಗಮನಿಸಿ, ಅವರೂ ಹೇಳಿದ್ದು ಮೇಲಿನ ಗೆರೆ.

ಕೆಳಗಿನ ಗೆರೆ ಕಾಣಿಸಿಕೊಂಡದ್ದು ಉದಾರವಾದಿಗಳ ಮಸೂದೆಯಲ್ಲಿ. 1911ರಲ್ಲಿ ಗೋಪಾಲಕೃಷ್ಣ ಗೋಖಲೆ ತಂದ ಪ್ರಾಥಮಿಕ ಶಿಕ್ಷಣ ಮಸೂದೆ ಆರರಿಂದ ಹತ್ತು ವರ್ಷದ ಮಕ್ಕಳ ಬಗ್ಗೆ ಮಾತಾಡಿತು. ಆಗ ಇಂಗ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣ ಐದಕ್ಕೇ ಶುರುವಾಗುತ್ತಿತ್ತು. ಆಳುವವರ ಮಕ್ಕಳಿಗೆ ಐದು, ಆಳಿಸಿಕೊಳ್ಳುವವರಿಗೆ ಆರು! ಆ ಮಸೂದೆಯೂ 1912ರಲ್ಲಿ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಬ್ರಿಟಿಷರ ಜೊತೆ ನಮ್ಮ ಜಮೀನ್ದಾರರೂ ಇದ್ದರು. ಕೂಲಿಯ ಮಕ್ಕಳು ಶಾಲೆಗೆ ಹೋದರೆ ಹೊಲಕ್ಕೆ ಯಾರು ಹೋಗುವುದು ಎಂಬ ಭಯ ಅವರಿಗೆ ಇಲ್ಲದಿರುತ್ತದೆಯೇ.

ನಮ್ಮ ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದಿತು ಎಂದು ನಾವು ಬೀಗುತ್ತೇವೆ. ಅದರ ಕಡ್ಡಾಯ ಆಯ್ದ ಕೇಂದ್ರಗಳಿಗೆ ಸೀಮಿತ, ಅದೂ ಗಂಡುಮಕ್ಕಳಿಗೆ. ಅದೇ ಕಾಲದಲ್ಲಿ ಪಂಚಮ ಮಕ್ಕಳು ಊರ ಶಾಲೆಯ ಒಳಗೆ ಕೂರಬಹುದೇ ಎಂಬುದೇ ದೊಡ್ಡ ಜಗಳ. ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಪಂಚಮ ಮಕ್ಕಳಿಗೆಂದೇ ದುಡಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1917ರಲ್ಲಿ ಕಡ್ಡಾಯ ಶಿಕ್ಷಣ ತಂದು, 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ರದ್ದು ಮಾಡಿ ಎಲ್ಲರೂ ಒಂದೇ ಕಡೆ ಕೂರಬೇಕೆಂದರು. ಈ ಕೊನೆಯ ಮಾತನ್ನು ನೆನಪಿಡಿ. ಕಡ್ಡಾಯ ಎಂಬುದೂ ಒಟ್ಟಿಗೆ ಕೂರುವುದು ಎಂಬುದೂ ಬೇರೆ ಬೇರೆಯಲ್ಲ ಎಂದು ಶಾಹುಗೆ ಗೊತ್ತಿತ್ತು.

1937ರ ವಾರ್ಧಾ ಯೋಜನೆ ಏಳರಿಂದ ಹದಿನಾಲ್ಕು ಎಂದಿತು. 1944ರ ಸಾರ್ಜೆಂಟ್ ವರದಿ ಮೊಟ್ಟಮೊದಲಿಗೆ ಮೂರರಿಂದ ಆರರ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡು 10 ಲಕ್ಷ ಮಕ್ಕಳಿಗೆ ಉಚಿತ ನರ್ಸರಿ ಬೇಕೆಂದಿತು. ಆದರೆ ಅದು ಕಡ್ಡಾಯ ಬೇಡ, ಮನವೊಲಿಸಿ ಸಾಕು ಎಂದಿತು. 1964–66ರ ಕೊಠಾರಿ ಆಯೋಗವಂತೂ ಶಿಶುಶಾಲೆಗಳನ್ನು ಮುಖ್ಯವಾಗಿ ಖಾಸಗಿಯವರಿಗೆ ಬಿಡಬಹುದೆಂದು ಬರೆಯಿತು. ಖಾಸಗಿಯವರು ಎಂದರೆ ಯಾರು? ಕಟ್ಟಡ ಇದ್ದವರು, ದುಡ್ಡು ಇದ್ದವರು. ಅವರು ಶಾಲೆ ತೆರೆಯುವುದು ಫೀಸು ಕೊಡುವವರ ಬೀದಿಯಲ್ಲೇ ಹೊರತು ಮಾದಿಗರ ಕೇರಿಯಲ್ಲಲ್ಲ.

4

ಇಲ್ಲಿ ಚರಿತ್ರೆಯ ಒಂದು ಅಣಕವಿದೆ. ಶಿಶುವಿಹಾರ ಅನ್ನುವುದು ಹುಟ್ಟಿನಿಂದ ಸಿರಿವಂತರ ಸೊತ್ತಲ್ಲ.

1816ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್‌ನಲ್ಲಿ ರಾಬರ್ಟ್ ಓವೆನ್ ಪುಟ್ಟ ಮಕ್ಕಳ ಶಾಲೆ ತೆರೆದದ್ದು ನೂಲಿನ ಗಿರಣಿ ಕೂಲಿಗಳ ಮಕ್ಕಳಿಗೆ. ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಶುರು ಮಾಡಿ 1840ರಲ್ಲಿ 'ಕಿಂಡರ್‌ಗಾರ್ಟನ್', ಮಕ್ಕಳ ತೋಟ, ಎಂದು ಹೆಸರಿಟ್ಟ ಶಾಲೆಯನ್ನು ಪ್ರಷ್ಯಾದ ಸರ್ಕಾರ 1851ರಲ್ಲಿ ನಿಷೇಧಿಸಿತು. ಮಕ್ಕಳು ಮಣ್ಣಲ್ಲಿ ಆಡಿಕೊಂಡು, ಹಾಡಿಕೊಂಡು ಕಲಿಯುವುದರಲ್ಲಿ ಅರಸೊತ್ತಿಗೆಗೆ ದಂಗೆಯ ವಾಸನೆ ಬಡಿಯಿತು. 1907ರ ಜನವರಿ 6ರಂದು ಮರಿಯಾ ಮಾಂಟೆಸ್ಸರಿ ತನ್ನ ಮೊದಲ 'ಮಕ್ಕಳ ಮನೆ'ಯನ್ನು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಝೊ ಎಂಬ ಬಡವರ ಬಡಾವಣೆಯಲ್ಲಿ. ತಂದೆತಾಯಿ ಕೆಲಸಕ್ಕೆ ಹೋದ ಮೇಲೆ ಮೆಟ್ಟಿಲು ಗೋಡೆ ಗೀಚಿಕೊಂಡು ಅಲೆಯುತ್ತಿದ್ದ ಮಕ್ಕಳು ಅವರು. ನಮ್ಮ ಲೆಕ್ಕದಲ್ಲಿ ಅದು ಸ್ಲಮ್ಮು.

ಅದೇ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆಮೇಲೆ ಆ ಹೆಸರಿಗೆ ಏನಾಯಿತು ನೋಡಿ. ಇವತ್ತು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ 'ಮಾಂಟೆಸ್ಸರಿ' ಬೋರ್ಡು ತೂಗುವುದು ಗೇಟು ಕಾರು ಇರುವ ಮನೆಗಳ ಸಾಲಿನಲ್ಲಿ. ಆ ಮನೆಗಳ ಮುಸುರೆ ತಿಕ್ಕುವ ಹೆಂಗಸಿನ ಕೂಸು ಅದೇ ಗೇಟಿನ ಹೊರಗೆ ಮರಳಗುಡ್ಡೆ ಮೇಲೆ ಕೂತಿರುತ್ತದೆ. ಬಡವರ ಕೇರಿಯಲ್ಲಿ ಹುಟ್ಟಿದ್ದು ಸಮುದ್ರ ದಾಟಿ ಬರುವಷ್ಟರಲ್ಲಿ ಜಾತಿಯ ಮೆಟ್ಟಿಲು ಹತ್ತಿ ಕೂತುಬಿಟ್ಟಿತು. ಈ ದೇಶಕ್ಕೆ ಬಂದದ್ದೆಲ್ಲ ಹೀಗೇ ಮಡಿ ಉಟ್ಟುಕೊಳ್ಳುತ್ತದೆ.

ಒಂದೇ ಒಂದು ಕಡೆ ಬೇರೆ ಥರ ಆಯಿತು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್, ಪಟ್ಟಣದ ಮಕ್ಕಳಿಗೆ ಮಾಡಿದ್ದು ಸಾಕೆಂದು 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಹೋದರು. ಜೊತೆಗೆ ಅನುತಾಯಿ ವಾಘ್. ಹಳ್ಳಿಯ ನಡುವೆ ಬಾಲವಾಡಿ ತೆರೆದರೆ ಕಡುಬಡವರ, ಆದಿವಾಸಿಗಳ ಮಕ್ಕಳು ಬರುವುದು ಕಷ್ಟವಾಯಿತು. ಆಗ ಅವರು ಮಗು ಶಾಲೆಗೆ ಬರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಲಿ ಎಂದು ಹೊರಟರು. ಅಂಗಳದಲ್ಲಿ ನಡೆಯುವ ವಾಡಿ, ಅಂಗನವಾಡಿ. 1957ರಲ್ಲಿ ಈ ಕೆಲಸ ಕೋಸಬಾಡದ ಗುಡ್ಡಕ್ಕೆ, ಆದಿವಾಸಿಗಳ ನಡುವಿಗೆ ಹೋಯಿತು.

ಅಂಗನವಾಡಿ ಎಂಬ ಪದದ ಹೊಟ್ಟೆಯಲ್ಲಿ ಇಷ್ಟು ಚರಿತ್ರೆ ಇದೆ. ಇವತ್ತು ನಾವು ಅದನ್ನು ಉಪ್ಪಿಟ್ಟು ಕೊಡುವ ಕೋಣೆ ಎಂಬ ಅರ್ಥದಲ್ಲಿ ಬಳಸುತ್ತೇವೆ.

5

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಶುರು ಮಾಡಿತು. ತುರ್ತುಪರಿಸ್ಥಿತಿಯ ಕಾಲ. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಸಣ್ಣ ಸಾಧನೆಯಲ್ಲ. ನಮ್ಮ ಎಷ್ಟೋ ಮಕ್ಕಳು ಬದುಕಿ ಉಳಿದದ್ದು ಅಲ್ಲಿಯ ಹಿಟ್ಟಿನಿಂದ, ಅಲ್ಲಿ ಹಾಕಿಸಿದ ಚುಚ್ಚುಮದ್ದಿನಿಂದ.

ಆದರೆ ಅಂಗಳ ಯಾರದ್ದು? ನಮ್ಮೂರಿಗೆ ಅಂಗನವಾಡಿ ಬಂದಾಗ ಅದಕ್ಕೆ ಕಟ್ಟಡ ಇರಲಿಲ್ಲ. ಊರವರು 'ರಾಮಮಂದಿರದ ಜಗಲಿ ಮೇಲೆ ಮಾಡಿಕೊಳ್ಳಿ' ಅಂದರು. ಜಗಲಿ ಮೇಲೆ ಊರ ಮಕ್ಕಳು, ಜಗಲಿ ಕೆಳಗೆ ಕೇರಿ ಮಕ್ಕಳು. ಯಾರೂ ಹೀಗೆ ಕೂರಿಸಿ ಎಂದು ಆರ್ಡರ್ ಮಾಡಲಿಲ್ಲ. ಆ ಊರಲ್ಲಿ ಆರ್ಡರ್ ಬೇಕಾಗಿಯೂ ಇರಲಿಲ್ಲ. ನಮ್ಮವ್ವ ಒಂದು ದಿನ ನೋಡಿ ಬಂದು, 'ಅಲ್ಲಿ ಕೂತ್ಕೊಂಡು ಏನ್ ಕಲೀತದೆ ಮಗ, ಕೆಳಗೆ ಕೂರೋದನ್ನ ತಾನೆ' ಅಂದಳು. ಮರುದಿನದಿಂದ ನನ್ನ ತಂಗಿ ಅಲ್ಲಿಗೆ ಹೋಗಲಿಲ್ಲ.

ಅವ್ವ ಹೇಳಿದ್ದು ಶಿಕ್ಷಣಶಾಸ್ತ್ರದ ಮಾತು. ಮೂರರಿಂದ ಆರರವರೆಗೆ ಮಗು ಅಕ್ಷರಕ್ಕಿಂತ ಮೊದಲು ಕಲಿಯುವುದು ತನ್ನ ಜಾಗವನ್ನು. ಎಲ್ಲಿ ಕೂರಬೇಕು, ಯಾರ ಲೋಟ ಮುಟ್ಟಬಾರದು, ಯಾರ ಹೊಸಿಲು ದಾಟಬಾರದು. ಸತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆ ಕೂತದ್ದನ್ನು ನಾವೆಲ್ಲ ಓದಿದ್ದೇವೆ. ಕನ್ನಡದ ದಲಿತ ಆತ್ಮಕತೆಗಳಲ್ಲಿ, 1994ರ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲಿ, 1996ರ 'ಊರು ಕೇರಿ'ಯಲ್ಲಿ, ಶಾಲೆಯ ಅನುಭವಗಳಿಗೆ ದೊಡ್ಡ ಜಾಗವಿದೆ. ನಮ್ಮ ವಿಮರ್ಶೆ ಅವಮಾನದ ಚರಿತ್ರೆಯನ್ನು ಶಾಲೆಯ ಮೊದಲ ದಿನದಿಂದ ಶುರು ಮಾಡುತ್ತದೆ. ಆದರೆ ಜಾತಿ ಒಂದನೇ ಕ್ಲಾಸಿನವರೆಗೆ ಕಾಯುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ, ಇನ್ನೂ ಶಾಲೆ ಸೇರದ ದಲಿತ ಕೂಸೊಂದು ಓಡಿಹೋಗಿ ಗುಡಿಯೊಳಗೆ ನಿಂತಿತು. ಶುದ್ಧಿಗೆಂದು ಅದರ ತಂದೆಯಿಂದ ಸಾವಿರಾರು ರೂಪಾಯಿ ದಂಡ ಕೇಳಿದರು. ಸುದ್ದಿಯಾಗಿ, ಪೊಲೀಸರು ಬಂದು, ಕೆಲವರ ಬಂಧನವೂ ಆಯಿತು. ಆ ಕೂಸಿಗೆ ಸಂವಿಧಾನದ ಶಿಕ್ಷಣದ ಹಕ್ಕು ಇನ್ನೂ ಬಂದಿರಲಿಲ್ಲ. ಆದರೆ ಊರಿನ ಕಾನೂನು ಆಗಲೇ ಅದರ ಮೇಲೆ ಜಾರಿಯಾಗಿತ್ತು.

ಪ್ರಭುತ್ವ ಆರಕ್ಕೆ ಮಗುವನ್ನು ಗುರುತಿಸುತ್ತದೆ, ಜಾತಿ ಎರಡು ಮೂರಕ್ಕೇ ಗುರುತಿಸುತ್ತದೆ. ಈ ಮೂರು ನಾಲ್ಕು ವರ್ಷದ ಅಂತರವೇ ನಮ್ಮ ಪ್ರಶ್ನೆ.

ಇದಕ್ಕೆ ಇನ್ನೊಂದು ಮುಖವಿದೆ, ಅದು ಅಕ್ಕಂದಿರದ್ದು. ಅಂಗನವಾಡಿ ಬಿಟ್ಟ ನನ್ನ ತಂಗಿಯನ್ನು ಸೊಂಟಕ್ಕೆ ಹಾಕಿಕೊಂಡು ಕೂತವಳು ನನ್ನಕ್ಕ. ಆಗವಳು ಮೂರನೇ ಕ್ಲಾಸು. ಅವ್ವ ನಾಟಿಗೆ ಹೋದ ದಿನ ಅಕ್ಕ ಶಾಲೆಗಿಲ್ಲ. ಕಳೆ ಕೀಳುವ ದಿನ ಇಲ್ಲ. ಕೊಯ್ಲಿನಲ್ಲಿ ಇಲ್ಲವೇ ಇಲ್ಲ. ಹಾಜರಿ ಪುಸ್ತಕದಲ್ಲಿ ಮೇಷ್ಟ್ರು ಬರೆದದ್ದು 'ಆಸಕ್ತಿ ಇಲ್ಲ' ಎಂದು. ಕೂಸಿಗೆ ಶಿಶುವಿಹಾರ ಇಲ್ಲದ್ದಕ್ಕೆ ಅಕ್ಕನ ಶಾಲೆ ಹೋಯಿತು. ಕೇರಿಯಲ್ಲಿ ಇಂಥ ಅಕ್ಕಂದಿರು ಮನೆಗೊಬ್ಬರು. ಆರರ ಗೆರೆ ಕತ್ತರಿಸುವುದು ಒಂದು ಮಗುವನ್ನಲ್ಲ, ಎರಡನ್ನು.

ದಲಿತ ಚಳವಳಿ ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಕೂಗಿದ್ದು ನಮ್ಮ ಹೆಮ್ಮೆ. ಆ ಕೂಗಿನಿಂದ ಎಷ್ಟೋ ಜನ ಓದಿದರು. ಆದರೆ ವಸತಿ ಶಾಲೆಗೆ ಹೋಗುವುದು ಐದನೆಯದು ದಾಟಿದವರು. ಅಲ್ಲಿಯತನಕ ಬರಲಾಗದೆ ಉದುರಿಹೋದ ಮಕ್ಕಳ ಬಗ್ಗೆ, ಕೂಸು ಎತ್ತಿಕೊಂಡ ಅಕ್ಕಂದಿರ ಬಗ್ಗೆ ಘೋಷಣೆಗಳು ಕಡಿಮೆ. ನಾಯಕತ್ವ ಗಂಡಸರದ್ದಾಗಿದ್ದುದೂ ಇದಕ್ಕೆ ಒಂದು ಕಾರಣವಿರಬೇಕು. ಇದನ್ನು ಚಳವಳಿಯ ಹೆಣ್ಣುಮಕ್ಕಳು ಬರೆಯಲಿ, ನಾವು ಓದೋಣ.

6

ಈಗ ಗೆರೆ ಕಾನೂನಾದ ಕತೆಗೆ ಬರೋಣ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹದಿನಾಲ್ಕರವರೆಗಿನ ಶಿಕ್ಷಣ ಬದುಕುವ ಹಕ್ಕಿನ ಭಾಗ ಎಂದಿತು. ಕೆಳಗಿನ ಗೆರೆ ಅಲ್ಲೂ ಇರಲಿಲ್ಲ. ಅಂದರೆ ಕೂಸುಗಳೂ ಒಳಗೇ. ಪ್ರಭುತ್ವಕ್ಕೆ ಇದು ನುಂಗಲಾರದ ತುತ್ತಾಯಿತು. ಸಂವಿಧಾನ ತಿದ್ದುವ ಹೊತ್ತಿಗೆ ಹಕ್ಕಿನ ಜೊತೆಗೇ ಆರು ಎಂಬ ಅಂಕಿಯನ್ನೂ ಸೇರಿಸಿದರು.

2001ರ ನವೆಂಬರ್ 28ರ ತಾರೀಖನ್ನು ನಮ್ಮ ಕಾರ್ಯಕರ್ತರು ನೆನಪಿಡಬೇಕು. ಅಂದು ಲೋಕಸಭೆ ಆರರಿಂದ ಹದಿನಾಲ್ಕರ ಮಕ್ಕಳಿಗೆ ಮಾತ್ರ ಹಕ್ಕು ಕೊಡುವ ಮಸೂದೆಯನ್ನು ಅಂಗೀಕರಿಸಿತು. ಅದೇ ದಿನ, ಅದೇ ದೆಹಲಿಯಲ್ಲಿ, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆರರ ಕೆಳಗಿನ ಪ್ರತಿ ಮಗುವಿಗೂ ಅಂಗನವಾಡಿಯ ಆಹಾರ ಸಿಗಬೇಕು, ಪ್ರತಿ ಜನವಸತಿಯಲ್ಲೂ ಅಂಗನವಾಡಿ ಇರಬೇಕು ಎಂದು ಆಜ್ಞೆ ಮಾಡಿತು. ಒಂದು ಕಟ್ಟಡದಲ್ಲಿ ಕೂಸಿನ ಹೆಸರು ಅಳಿಸಿತು, ಇನ್ನೊಂದು ಕಟ್ಟಡದಲ್ಲಿ ಅದರ ತಟ್ಟೆಗೆ ಅನ್ನ ಬಿತ್ತು. ನಮ್ಮ ಕೂಸುಗಳ ಪೌರತ್ವ ಅಂದಿನಿಂದ ಇಷ್ಟೇ ಆಗಿದೆ: ಹೊಟ್ಟೆ ಇದೆ, ತಲೆ ಇಲ್ಲ.

ಆ ಮಸೂದೆ 2002ರಲ್ಲಿ 86ನೇ ತಿದ್ದುಪಡಿಯಾಯಿತು. 21ಎ ವಿಧಿ ಬಂತು. ಹಳೆಯ 45ನೇ ವಿಧಿಯನ್ನು ತೆಗೆದು, ಆರು ತುಂಬುವವರೆಗಿನ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ಪ್ರಭುತ್ವ 'ಪ್ರಯತ್ನಿಸಬೇಕು' ಎಂದು ಬರೆದರು. 1950ರ ಅದೇ ಪ್ರಯತ್ನ! 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಮತ್ತೆ ಆಜ್ಞೆ ಮಾಡಿ, 14 ಲಕ್ಷ ಅಂಗನವಾಡಿಗಳಾಗಬೇಕು, ಪರಿಶಿಷ್ಟರ ಹಟ್ಟಿ ಕೇರಿಗಳಿಗೆ ಮೊದಲ ಆದ್ಯತೆ ಇರಬೇಕು ಎಂದು ಹೇಳಬೇಕಾಯಿತು. ಮೂವತ್ತೊಂದು ವರ್ಷ ನಡೆದ ಯೋಜನೆ ಯಾರ ಅಂಗಳಕ್ಕೆ ಹೋಗಿರಲಿಲ್ಲ ಎಂಬುದಕ್ಕೆ ಆ ಆಜ್ಞೆಯೇ ಸಾಕ್ಷಿ.

2009ರ ಶಿಕ್ಷಣ ಹಕ್ಕು ಕಾಯಿದೆಯನ್ನು ಕವಿತೆ ಓದುವಷ್ಟೇ ಎಚ್ಚರದಿಂದ ಓದಬೇಕು. ಅದರ 11ನೇ ಸೆಕ್ಷನ್ ಮೂರು ದಾಟಿದ ಮಕ್ಕಳಿಗೆ ಸರ್ಕಾರ ಉಚಿತ ಪೂರ್ವ ಪ್ರಾಥಮಿಕ ಶಿಕ್ಷಣದ ವ್ಯವಸ್ಥೆ ಮಾಡಬಹುದು ಅನ್ನುತ್ತದೆ. ಮಾಡತಕ್ಕದ್ದು ಅಲ್ಲ, ಮಾಡಬಹುದು. ಮುಂದಿನ ಸೆಕ್ಷನ್ನಿನಲ್ಲಿ, ಎಲ್‌ಕೆಜಿ ಇರುವ ಖಾಸಗಿ ಶಾಲೆ ಅಲ್ಲಿಂದಲೇ ಶೇಕಡಾ 25ರಷ್ಟು ಸೀಟುಗಳನ್ನು ಬಡವರ, ಪರಿಶಿಷ್ಟರ ಮಕ್ಕಳಿಗೆ ಕೊಡಬೇಕು ಎಂದಿದೆ. ಖಾಸಗಿಯವರಿಗೆ ಬೇಕು, ಸರ್ಕಾರಕ್ಕೆ ಬಹುದು. ಇದರಿಂದ ಕೇರಿಯ ಕೆಲವು ಮಕ್ಕಳಿಗೆ ಎಲ್‌ಕೆಜಿಯ ಬಾಗಿಲು ತೆರೆದದ್ದು ನಿಜ. 2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ ಅಂದಿತು. ಸರ್ಕಾರಿ ಶಾಲೆ ಉಳಿಯಬೇಕು ಎಂಬ ವಾದ ನನ್ನದೂ ಹೌದು. ಆದರೆ ಆ ನೆರೆಯ ಶಾಲೆಗಳಲ್ಲಿ ಬಹುಪಾಲಿನವುಗಳಲ್ಲಿ ಎಲ್‌ಕೆಜಿಯೇ ಇರಲಿಲ್ಲ. ಇದ್ದ ಬಾಗಿಲು ಮುಚ್ಚುವಾಗ ಹೊಸ ಬಾಗಿಲು ಕೊರೆಯಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ 2022ರಲ್ಲಿ ಒಂದನೇ ತರಗತಿಗೆ ಆರು ವರ್ಷ ತುಂಬಿರಲೇಬೇಕು ಎಂಬ ಆದೇಶ ಬಂತು. 2025–26ರಿಂದ ಜಾರಿ. ಜಾರಿಯ ವರ್ಷವೇ ಪೋಷಕರ ಗದ್ದಲಕ್ಕೆ ಮಣಿದು, ಎಲ್‌ಕೆಜಿ ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಿಗೇ ಪ್ರವೇಶದ ರಿಯಾಯಿತಿ ಕೊಟ್ಟರು. ಇದನ್ನು ಬಿಡಿಸಿ ಓದಿದರೆ ಏನು ಸಿಗುತ್ತದೆ? ಶಿಶುವಿಹಾರ ಮುಗಿಸಿದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಕಾನೂನಿನಲ್ಲಿ ಕಡ್ಡಾಯವಲ್ಲದ್ದು ವ್ಯವಹಾರದಲ್ಲಿ ಅರ್ಹತೆಯಾಗಿಬಿಟ್ಟಿದೆ.

7

ಇಷ್ಟು ಚರಿತ್ರೆ ಹೇಳಿದ ಮೇಲೆ ನಾನು ಏನು ಕೇಳುತ್ತಿದ್ದೇನೆ ಎಂಬುದನ್ನು ಸ್ಪಷ್ಟಪಡಿಸಬೇಕು. ಯಾಕೆಂದರೆ ನಮ್ಮ ಗೆಳೆಯರಲ್ಲೇ ಮೂರು ಆಕ್ಷೇಪಗಳಿವೆ.

ಮೊದಲನೆಯದು, ಹಾಲು ಕುಡಿಯೋ ಕೂಸಿಗೂ ಕಡ್ಡಾಯವೇ ಎಂಬುದು. ಕಡ್ಡಾಯ ಎಂಬ ಪದಕ್ಕೆ ನಮ್ಮ ಜನ ಹೆದರುತ್ತಾರೆ. ಹೆದರಲು ಕಾರಣವಿದೆ, ಪೊಲೀಸು, ಅಮಲ್ದಾರ, ಸಾಲದವನು ಎಲ್ಲರೂ ಕೇರಿಗೆ ಬಂದದ್ದು ಕಡ್ಡಾಯವಾಗಿಯೇ. ನಾನು ಕೇಳುತ್ತಿರುವ ಕಡ್ಡಾಯ ತಾಯಿಯ ಮೇಲಿನದಲ್ಲ, ಸರ್ಕಾರದ ಮೇಲಿನದು. ನಾಟಿಗೆ ಹೋಗುವ ತಾಯಿಗೆ ದಂಡ ಹಾಕುವ ಕಾಯಿದೆ ಬೇಡ. ಅವಳು ಹೊರಡುವ ಹೊತ್ತಿಗೆ ತೆರೆದಿರುವ, ಅವಳು ತಿರುಗಿ ಬರುವತನಕ ಕೂಸನ್ನು ನೋಡಿಕೊಳ್ಳುವ ಮನೆ ಬೇಕು. ಇಲ್ಲದಿದ್ದರೆ ಸರ್ಕಾರವನ್ನು ಕೋರ್ಟಿಗೆ ಎಳೆಯುವ ಹಕ್ಕು ಬೇಕು. 2019ರಲ್ಲಿ ಫ್ರಾನ್ಸ್ ದೇಶ ಕಡ್ಡಾಯ ಶಿಕ್ಷಣವನ್ನು ಆರರಿಂದ ಮೂರಕ್ಕೆ ಇಳಿಸಿತು. ಅದಕ್ಕೆ ಮುಂಚೆಯೇ ಅಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಶಿಶುಶಾಲೆಯಲ್ಲಿದ್ದರು. ಮೊದಲು ಮನೆ ಕಟ್ಟಿ ಆಮೇಲೆ ಕಾಯಿದೆ ಬರೆದರು. ನಾವು ಕಾಯಿದೆಯನ್ನೂ ಬರೆಯುವುದಿಲ್ಲ, ಮನೆಯನ್ನೂ ಕಟ್ಟುವುದಿಲ್ಲ.

ಎರಡನೆಯದು, ಭಾಷೆ. ಕೂಸಿನ ಬಾಯಿಂದ ಮೊದಲು ಬರುವ ಕೇರಿಯ ಕನ್ನಡವನ್ನು ಅಂಗಳದಲ್ಲೇ ತಿದ್ದಿ ತೀಡಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. 'ಅವ್ವ' ಅಂದ ಮಗುವಿಗೆ 'ಅಮ್ಮ ಅನ್ನು' ಎಂದು ಹೇಳಿಕೊಡುವುದರಿಂದ ಶುರುವಾದ ಶಿಕ್ಷಣ ಆ ಮಗುವಿನ ಮನೆಯನ್ನೇ ತಪ್ಪು ಎಂದು ಸಾರುತ್ತದೆ. ಹಾಗೆಂದು ಇಂಗ್ಲಿಷ್ ಕಲಿಯಲಿ ಎಂದು ಕೂಲಿ ದುಡ್ಡಲ್ಲಿ ಎಲ್‌ಕೆಜಿಗೆ ಸೇರಿಸುವ ತಾಯಿಯನ್ನು ಗೇಲಿ ಮಾಡುವ ಹಕ್ಕು ಯಾವ ಕನ್ನಡಾಭಿಮಾನಿಗೂ ಇಲ್ಲ. ಅವಳು ಓಡುತ್ತಿರುವುದು ಕನ್ನಡದಿಂದಲ್ಲ, ಜಗಲಿ ಕೆಳಗಿನ ಜಾಗದಿಂದ.

ಮೂರನೆಯದು, ಅಂಗನವಾಡಿ ಹೆಣ್ಣುಮಕ್ಕಳದು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಯುಕೆಜಿ ತೆರೆಯುತ್ತೇವೆಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಬೀದಿಗೆ ಬಂದರು. ಮಕ್ಕಳೆಲ್ಲ ಶಾಲೆಗೆ ಹೋದರೆ ನಾವೆಲ್ಲಿಗೆ ಎಂಬುದು ಅವರ ಪ್ರಶ್ನೆ. ಸರ್ಕಾರ ಕೆಲವು ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಎಂದು ಹೆಸರಿಟ್ಟಿತು. ಹೆಸರು ಚೆನ್ನಾಗಿದೆ, ಸ್ಯಾನ್ ಲೊರೆಂಝೊದ ನೆನಪೂ ಆಗುತ್ತದೆ. ಆದರೆ 2018ರಲ್ಲಿ ಕೇಂದ್ರ ನಿಗದಿ ಮಾಡಿದ ಕಾರ್ಯಕರ್ತೆಯ ಗೌರವಧನ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ರಾಜ್ಯ ಅದರ ಮೇಲೆ ಒಂದಿಷ್ಟು ಸೇರಿಸುತ್ತದೆ. ಅದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಗೌರವ ಎಂಬ ಪದವನ್ನು ಇಷ್ಟು ಅಗ್ಗವಾಗಿ ಬೇರೆಲ್ಲೂ ಮಾರಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. ಕೂಸುಗಳ ಹಕ್ಕು ಕೇಳುವವರು ಈ ಹೆಣ್ಣುಮಕ್ಕಳ ಎದುರು ನಿಲ್ಲಬಾರದು, ಪಕ್ಕದಲ್ಲಿ ನಿಲ್ಲಬೇಕು. ತರಬೇತಿ ಕೊಟ್ಟು ಇವರನ್ನೇ ಶಿಕ್ಷಕಿಯರನ್ನಾಗಿ ಮಾಡಿ, ಶಿಕ್ಷಕಿಯ ಸಂಬಳ ಕೊಡಲಿ.

ಈ ಬೇಡಿಕೆ ಈಗ ಹುಚ್ಚು ಮಾತಲ್ಲ. 2020ರ ರಾಷ್ಟ್ರೀಯ ನೀತಿಯೇ 2030ರೊಳಗೆ ಎಲ್ಲ ಮಕ್ಕಳಿಗೂ ಪೂರ್ವ ಪ್ರಾಥಮಿಕ ಶಿಕ್ಷಣ ಎಂದು ಬರೆದುಕೊಂಡಿದೆ, ಆದರೆ ನೀತಿ ಕಾಯಿದೆಯಲ್ಲ. ಕರ್ನಾಟಕದ ರಾಜ್ಯ ಶಿಕ್ಷಣ ನೀತಿ ಆಯೋಗ, ದಲಿತ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ, 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಎರಡು ವರ್ಷದ ಪೂರ್ವ ಪ್ರಾಥಮಿಕವನ್ನು ಶಾಲೆಯ ರಚನೆಯೊಳಗೇ ಸೇರಿಸಿದೆ. ವರದಿಗಳು ಬೀರುವಿಗೆ ಹೋಗುವ ದಾರಿ ನಮಗೆ ಗೊತ್ತು. ಅದನ್ನು ಬೀದಿಗೆ ತರುವುದು ಸಂಘಟನೆಗಳ ಕೆಲಸ.

ತರುವಾಗ ಒಂದು ಎಚ್ಚರ. ಬೋರ್ಡಿಯ ಪಾಠ ಅರ್ಧ ಮಾತ್ರ ಸಾಕಾಗುವುದಿಲ್ಲ. ಶಾಲೆ ಕೇರಿಯ ಅಂಗಳಕ್ಕೆ ಬರಬೇಕು, ಸರಿ. ಆದರೆ ಕೇರಿಯ ಅಂಗಳದಲ್ಲಿ ಕೇರಿಯ ಮಕ್ಕಳು ಮಾತ್ರ, ಊರ ಮಕ್ಕಳು ವ್ಯಾನು ಹತ್ತಿ ಕಾನ್ವೆಂಟಿಗೆ ಎಂದಾದರೆ ನಾವು ಕಟ್ಟಿದ್ದು ಮೂರು ವರ್ಷಕ್ಕೇ ಶುರುವಾಗುವ ಹೊಸ ಪಂಚಮ ಶಾಲೆ. ಶಾಹು ಮಹಾರಾಜರು 1919ರಲ್ಲಿ ರದ್ದು ಮಾಡಿದ್ದನ್ನು ನಾವು ಮತ್ತೆ ತೆರೆದ ಹಾಗಾಗುತ್ತದೆ. ಎಲ್ಲರಿಗೂ ಎಂದರೆ ಎಲ್ಲರೂ ಒಂದೇ ಕಡೆ ಎಂದೇ ಅರ್ಥ. ಅಂಗನವಾಡಿ ಕೇರಿಯಲ್ಲಿರಲಿ, ಗೌಡರ ಮೊಮ್ಮಗು ಅಲ್ಲಿಗೆ ಬರಲಿ. ದಲಿತ ಹೆಣ್ಣುಮಗಳು ಅಡುಗೆ ಮಾಡಲಿ, ಎಲ್ಲ ಕೂಸುಗಳೂ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ದೊಡ್ಡವರಿಗೆ ಕಲಿಸಲು ಆಗದ್ದನ್ನು ಮೂರರ ಕೂಸುಗಳಿಗೆ ಕಲಿಸುವುದೇ ಬೇಕಿಲ್ಲ. ಅವಕ್ಕಿನ್ನೂ ಜಗಲಿ ಯಾವುದು ನೆಲ ಯಾವುದು ಗೊತ್ತಿಲ್ಲ.

ಗೊತ್ತಾಗುವುದಕ್ಕೆ ಮುಂಚೆ ನಾವು ಹೋಗಬೇಕು. ಆ ಮೂರು ವರ್ಷವನ್ನು ಜಾತಿಗೆ ಬಿಟ್ಟುಕೊಟ್ಟು ಆಮೇಲಿನ ಹನ್ನೆರಡು ವರ್ಷ ಪುಸ್ತಕದಲ್ಲಿ ಸಮಾನತೆ ಓದಿಸಿದರೆ ಏನು ಪ್ರಯೋಜನ? ನಿಮ್ಮ ಊರಿನ ಅಂಗನವಾಡಿ ಎಲ್ಲಿದೆ, ಅದರ ಬಾಗಿಲು ಯಾವ ಬೀದಿಗೆ ತೆರೆದಿದೆ, ಒಳಗೆ ಯಾರು ಎಲ್ಲಿ ಕೂತಿದ್ದಾರೆ ಎಂದು ಈ ವಾರ ಹೋಗಿ ನೋಡಿ ಬನ್ನಿ. ಲೆಕ್ಕ ಬರೆದುಕೊಳ್ಳಿ. ನಮ್ಮ ಮುಂದಿನ ಹೋರಾಟದ ಮೊದಲ ಕಡತ ಅದೇ ಆಗಲಿ.